ಥೈರಾಯ್ಡ್ ಗ್ರಂಥಿ ಮಂದವಾದಾಗ: ಬೆಳೆಗಾರರ ಮನೆಯಲ್ಲಿ ಗಮನಿಸಬೇಕಾದ ಚಿಹ್ನೆಗಳು

ಅಡಿಕೆ ತೋಟಕ್ಕೆ ಕೊಳೆರೋಗ ಬಿದ್ದರೆ ಯಾರೂ ಬಂದು ಹೇಳಬೇಕಾಗಿಲ್ಲ. ಬುಡದಲ್ಲಿ ಉದುರಿದ ಕಾಯಿ ಬೆಳಿಗ್ಗೆಯೇ ಕಣ್ಣಿಗೆ ಬೀಳುತ್ತದೆ. ಸಂಜೆಯೊಳಗೆ ಮದ್ದು ಹೊಡೆಯುವವರಿಗೆ ಹೇಳಿಕೆ ಹೋಗಿರುತ್ತದೆ. ಹಿಡಿಮುಂಡಿಗೆಯ ಕ್ರಮ ಬೇರೆ. ಸೋಗೆ ವರ್ಷದಿಂದ ವರ್ಷಕ್ಕೆ ಸ್ವಲ್ಪಸ್ವಲ್ಪವೇ ಗಿಡ್ಡವಾಗುತ್ತದೆ, ತಲೆ ಮುದುಡುತ್ತದೆ, ಕೊನೆ ಸಣ್ಣದಾಗುತ್ತದೆ. ದಿನವೂ ಅದೇ ಮರದ ಕೆಳಗೆ ಓಡಾಡುವವನಿಗೆ ಅದು ಕಾಣುವುದೇ ಇಲ್ಲ. ನಾಲ್ಕು ವರ್ಷದ ಮೇಲೆ ಬಂದ ನೆಂಟರೊಬ್ಬರು ತೋಟ ನೋಡಿ, "ಇದೆಂತ ಭಾವ, ಈ ಮರ ಹೀಗಾಯ್ತು?" ಎಂದಾಗಲೇ ಮನೆಯವರು ತಲೆಯೆತ್ತಿ ನೋಡುವುದು.

ಮನುಷ್ಯರಲ್ಲಿಯೂ ಈ ಎರಡನೆಯ ಜಾತಿಯ ಕಾಯಿಲೆಯೊಂದಿದೆ. ಅದು ಥೈರಾಯ್ಡ್ ಗ್ರಂಥಿ ಮಂದವಾಗುವುದು. ನಮ್ಮ ಪತ್ರಿಕೆಯಲ್ಲಿ ಮದ್ದು, ಗೊಬ್ಬರ, ಧಾರಣೆಗಳ ವಿಚಾರ ಬಿಟ್ಟು ಇದನ್ನೇಕೆ ಬರೆಯಬೇಕೆಂದು ಕೆಲವು ಸದಸ್ಯರು ಕೇಳಬಹುದು. ಸಣ್ಣ ಹಿಡುವಳಿಯ ಮನೆಯಲ್ಲಿ ಬೇಸಾಯದ ಅರ್ಧ ಭಾರ ಹೊರುವವಳು ಮನೆಯೊಡತಿ. ಈ ಕಾಯಿಲೆ ಗಂಡಸರಿಗಿಂತ ಹೆಂಗಸರನ್ನೇ ಹಲವು ಪಟ್ಟು ಹೆಚ್ಚಾಗಿ ಹಿಡಿಯುತ್ತದೆ. ಹಿಡಿದಾಗ ಮನೆಯಲ್ಲಿ ಅದಕ್ಕೆ ಕೊಡುವ ಹೆಸರು ಬೇರೆಯೇ ಆಗಿರುತ್ತದೆ: ವಯಸ್ಸಾಯಿತು, ಮೈ ಬಂತು, ಮಳೆಗಾಲದ ಜಡ್ಡು, ಅಥವಾ ಸೊಸೆಯಾಗಿದ್ದರೆ ಸೋಮಾರಿತನ. ಈ ಕೊನೆಯ ಮಾತಿನಿಂದ ಎಷ್ಟೋ ಮನೆಗಳಲ್ಲಿ ಅನ್ಯಾಯವಾಗಿದೆ.

ದೇಶದ ಎಂಟು ನಗರಗಳಲ್ಲಿ ಐದು ಸಾವಿರಕ್ಕೂ ಮಿಕ್ಕಿ ವಯಸ್ಕರ ರಕ್ತ ಪರೀಕ್ಷಿಸಿದ ವರದಿಯೊಂದು 2013ರಲ್ಲಿ ಪ್ರಕಟವಾಯಿತು. ಬೆಂಗಳೂರು, ಮುಂಬಯಿ, ಗೋವಾಗಳೂ ಅದರಲ್ಲಿ ಸೇರಿದ್ದವು. ನೂರರಲ್ಲಿ ಸುಮಾರು 11 ಮಂದಿಗೆ ಥೈರಾಯ್ಡ್ ಮಂದವಾಗಿತ್ತು. ಅವರಲ್ಲಿ ಹತ್ತಿರಹತ್ತಿರ ಮೂರರಲ್ಲೊಬ್ಬರಿಗೆ ತಮಗೆ ಈ ತೊಂದರೆಯಿದೆಯೆಂಬುದೇ ತಿಳಿದಿರಲಿಲ್ಲ. ಸಮುದ್ರ ತೀರದ ನಗರಗಳಲ್ಲಿ ಪ್ರಮಾಣ ಕೊಂಚ ಕಡಿಮೆಯಿತ್ತು, ಇಲ್ಲವೆನ್ನುವಷ್ಟು ಕಡಿಮೆಯೇನಲ್ಲ. ಆದ್ದರಿಂದ ಶರಾವತಿಯ ನಡುವಿನ ಮಾವಿನಕುರ್ವೆಯವರಾಗಲಿ, ಭಟ್ಕಳ ಬಂದರದ ಮಾವಿನಕುರ್ವೆಯವರಾಗಲಿ, "ನಮಗೆ ಕಡಲು ಹತ್ತಿರ, ನಮಗೇನೂ ಬಾರದು" ಎಂದು ಕುಳಿತುಕೊಳ್ಳುವಂತಿಲ್ಲ.

ಗ್ರಂಥಿಯ ಕೆಲಸ

ಕುತ್ತಿಗೆಯ ಮುಂಭಾಗದಲ್ಲಿ, ಗಂಟಲ ಗಂಟಿನ ಕೆಳಗೆ, ರೆಕ್ಕೆ ಬಿಚ್ಚಿದ ಚಿಟ್ಟೆಯ ಆಕಾರದಲ್ಲಿ ಈ ಗ್ರಂಥಿ ಶ್ವಾಸನಾಳವನ್ನು ಅಪ್ಪಿಕೊಂಡಿದೆ. ತೂಕ 20 ಗ್ರಾಮಿನ ಆಸುಪಾಸು. ನಾವು ತಿನ್ನುವ ಆಹಾರದೊಳಗಿನ ಅಯೋಡಿನ್ ಹಿಡಿದು ಥೈರಾಕ್ಸಿನ್ ಎಂಬ ರಸ ತಯಾರಿಸಿ ನೇರವಾಗಿ ರಕ್ತಕ್ಕೆ ಬಿಡುವುದು ಇದರ ಕೆಲಸ. ಶರೀರದ ಪ್ರತಿಯೊಂದು ಭಾಗವೂ ಎಷ್ಟು ಚುರುಕಾಗಿ ಕೆಲಸ ಮಾಡಬೇಕೆಂಬುದನ್ನು ಈ ರಸ ನಿರ್ಧರಿಸುತ್ತದೆ. ಬಚ್ಚಲ ಒಲೆಗೆ ಕಟ್ಟಿಗೆ ಕಡಿಮೆಯಾದರೆ ಹಂಡೆಯ ನೀರು ಒಮ್ಮೆಲೇ ತಣ್ಣಗಾಗುವುದಿಲ್ಲ, ನಿಧಾನವಾಗಿ ಆರುತ್ತದೆ. ಥೈರಾಕ್ಸಿನ್ ಕಡಿಮೆಯಾದಾಗ ಶರೀರದ ಗತಿಯೂ ಹಾಗೆಯೇ.

ಮೆದುಳಿನ ಬುಡದಲ್ಲಿರುವ ಪಿಟ್ಯೂಟರಿ ಎಂಬ ಇನ್ನೊಂದು ಗ್ರಂಥಿ ಥೈರಾಯ್ಡಿನ ಮೇಲೆ ಕಣ್ಣಿಟ್ಟಿರುತ್ತದೆ. ಅದು ಕಳಿಸುವ ಆಜ್ಞೆಯೇ ರಕ್ತಪರೀಕ್ಷೆಯ ಚೀಟಿಯಲ್ಲಿ ಕಾಣುವ ಟಿ.ಎಸ್.ಎಚ್. ಎತ್ತು ನಿಧಾನಿಸಿದಷ್ಟೂ ಗಾಡಿ ಹೊಡೆಯುವವನ ಕೂಗು ಜೋರಾಗುವಂತೆ, ಥೈರಾಯ್ಡ್ ಸೋತಷ್ಟೂ ಟಿ.ಎಸ್.ಎಚ್. ಏರುತ್ತದೆ. ಚೀಟಿ ನೋಡಿ "ನನಗೆ ಥೈರಾಯ್ಡ್ ಜಾಸ್ತಿಯಂತೆ" ಎಂದು ಹೇಳಿಕೊಂಡು ತಿರುಗುವವರು ಬಹಳ ಮಂದಿ. ಹೆಚ್ಚಿನವರಲ್ಲಿ ಜಾಸ್ತಿಯಾಗಿರುವುದು ಈ ಕೂಗು. ಗ್ರಂಥಿಯ ಕೆಲಸ ಕಡಿಮೆಯಾಗಿರುತ್ತದೆ.

ಗುರುತಿಸುವುದು ಹೇಗೆ?

ನಮ್ಮ ಕರಾವಳಿಯ ಚಾಲಿ ಮಾಡುವ ಮನೆಗಳಲ್ಲಿ ಅಡಿಕೆ ಸುಲಿಯುವ ಕಾಲವನ್ನೇ ತೆಗೆದುಕೊಳ್ಳೋಣ. ದಿನಗಟ್ಟಲೆ ಕೂತು ಸುಲಿದವರಿಗೆ ಬೆರಳು ನೋಯುವುದು ಸಹಜ. ಆದರೆ ರಾತ್ರಿ ಮಲಗಿದಾಗ ಎರಡೂ ಕೈಗಳ ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದು ಎಚ್ಚರವಾಗುವುದು, ಕೈ ಝಾಡಿಸಿದ ಮೇಲೆಯೇ ಸರಿಹೋಗುವುದು, ಸುಲಿಗೆ ಮುಗಿದು ತಿಂಗಳಾದರೂ ಬಿಡದಿರುವುದು, ಇದು ಬರೀ ಕತ್ತಿಯ ಕೆಲಸವಲ್ಲದಿರಬಹುದು. ಥೈರಾಯ್ಡ್ ಮಂದವಾದವರಲ್ಲಿ ಮಣಿಕಟ್ಟಿನ ಒಳಗೆ ಬಾವು ಕಟ್ಟಿ ಅಲ್ಲಿ ಹಾಯುವ ನರವನ್ನು ಒತ್ತುವುದುಂಟು. ಮಧುಮೇಹದಲ್ಲಿಯೂ ಇದು ಬರುತ್ತದೆ. ಆದ್ದರಿಂದ ಎರಡನ್ನೂ ಒಟ್ಟಿಗೆ ನೋಡಿಸುವುದು ಒಳ್ಳೆಯದು.

ಚಳಿಯ ವಿಷಯ ಇನ್ನೂ ಸ್ಪಷ್ಟ. ಹೊನ್ನಾವರ, ಕುಮಟೆಗಳ ಕಡೆ ಏಪ್ರಿಲ್ ತಿಂಗಳಲ್ಲಿ ಎಂಥ ಸೆಕೆಯೆಂದು ಬರೆಯಬೇಕಾಗಿಲ್ಲ. ಎಲ್ಲರೂ ಜಗಲಿಯ ಮೇಲೆ ಹಾಳೆ ಬೀಸಣಿಗೆ ಹಿಡಿದು ಕೂತಿರುವಾಗ ಒಬ್ಬರು ಮಾತ್ರ ಹೊದಿಕೆ ಎಳೆದುಕೊಂಡರೆ, ಬೆವರುವುದೇ ಕಡಿಮೆಯಾದರೆ, ಅದನ್ನು ಗಮನಿಸಬೇಕು. ಘಟ್ಟದ ಮೇಲಿನ ಕಾಫಿ ಸೀಮೆಯ ಸದಸ್ಯರಿಗೆ ಈ ಗುರುತು ಅಷ್ಟು ಸುಲಭವಲ್ಲ, ಅಲ್ಲಿ ಡಿಸೆಂಬರಿನಲ್ಲಿ ಎಲ್ಲರೂ ಕಂಬಳಿಯೊಳಗೇ ಇರುತ್ತಾರೆ. ಅಲ್ಲಿ ನೋಡಬೇಕಾದದ್ದು, ಈ ಮನುಷ್ಯನಿಗೆ ಮೊದಲು ಇಷ್ಟು ಚಳಿಯಾಗುತ್ತಿತ್ತೇ ಎಂಬುದನ್ನು.

ದನಿ ಬದಲಾಗುತ್ತದೆ. ಗಂಟಲು ಒಡಕಾಗಿ, ಮಾತು ನಿಧಾನವಾಗಿ, ನಾಲಗೆ ದಪ್ಪವಾದಂತೆ ಕೇಳಿಸುತ್ತದೆ. ಮನೆಯಲ್ಲಿರುವವರಿಗೆ ಇದು ತಿಳಿಯದು. ಬೆಂಗಳೂರಿನಿಂದ ತಿಂಗಳಿಗೊಮ್ಮೆ ಫೋನ್ ಮಾಡುವ ಮಗಳಿಗೆ ತಿಳಿಯುತ್ತದೆ. ಪ್ರತಿಸಲವೂ "ಅಮ್ಮಾ, ನೆಗಡಿಯಾ?" ಎಂದು ಕೇಳುತ್ತಿದ್ದಾಳೆಂದರೆ ಆ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಮುಖವೂ ಹಾಗೆಯೇ. ಬೆಳಿಗ್ಗೆ ಎದ್ದಾಗ ರೆಪ್ಪೆಗಳ ಸುತ್ತ ಊತ, ಬಿಳಿಚಿದ ಬಣ್ಣ, ಹುಬ್ಬಿನ ಹೊರತುದಿಯ ಕೂದಲು ಉದುರಿ ಬೋಳಾಗುವುದು. ಐದಾರು ವರ್ಷ ಹಿಂದಿನ ಮದುವೆಮನೆಯ ಫೋಟೋ ಒಂದನ್ನು ಹುಡುಕಿ ಈಗಿನ ಮುಖದ ಪಕ್ಕ ಹಿಡಿದು ನೋಡಿ. ಖರ್ಚಿಲ್ಲದ ಈ ಉಪಾಯವನ್ನು ಅನುಭವಿ ವೈದ್ಯರೂ ಬಳಸುತ್ತಾರೆ.

ಉಳಿದವನ್ನು ಬೇಗ ಹೇಳಬಹುದು. ರಾತ್ರಿ ಚೆನ್ನಾಗಿ ನಿದ್ದೆ ಮಾಡಿದರೂ ಹೋಗದ ಆಯಾಸ, ಒಣಗಿ ಒರಟಾದ ಚರ್ಮ, ತಲೆಗೂದಲು ಉದುರುವುದು, ಮಲಬದ್ಧತೆ, ಸ್ನಾಯುಗಳ ನೋವು, ಬಿಗಿತ, ನಾಡಿ ನಿಧಾನವಾಗುವುದು, ಹೆಂಗಸರಲ್ಲಿ ಮುಟ್ಟಿನ ಸ್ರಾವ ಹೆಚ್ಚಾಗುವುದು ಅಥವಾ ಕ್ರಮ ತಪ್ಪುವುದು, ಗರ್ಭ ನಿಲ್ಲದಿರುವುದು. ಬೇರೆ ಕಾರಣಕ್ಕೆ ರಕ್ತ ಪರೀಕ್ಷೆ ಮಾಡಿಸಿದಾಗ ಕೊಲೆಸ್ಟರಾಲ್ ಏರಿರುವುದೂ ಒಂದು ಸೂಚನೆ. ತೂಕದ ಬಗ್ಗೆ ಮಾತ್ರ ಒಂದು ಮಾತು. ಥೈರಾಯ್ಡ್ ಮಂದವಾದರೆ ತೂಕ ಏರುವುದು ನಿಜ, ಆದರೆ ಸಾಮಾನ್ಯವಾಗಿ ಏರುವುದು ಕೆಲವೇ ಕಿಲೋ, ಅದರಲ್ಲಿಯೂ ಬಹುಪಾಲು ಮೈಯಲ್ಲಿ ನಿಂತ ನೀರು. ಇಪ್ಪತ್ತು ಕಿಲೋ ಏರಿದ್ದನ್ನೆಲ್ಲ ಥೈರಾಯ್ಡಿನ ತಲೆಗೆ ಕಟ್ಟುವುದು ಈಗಿನ ಒಂದು ರೂಢಿ. ಅದು ಸರಿಯಲ್ಲ.

ಗಂಡಸರಲ್ಲಿ ಈ ಕಾಯಿಲೆ ಕಡಿಮೆಯಾದ್ದರಿಂದಲೇ ತಪ್ಪಿಹೋಗುವುದು ಹೆಚ್ಚು. ವರ್ಷಪೂರ್ತಿಯ ಮಾರಾಟದ ಲೆಕ್ಕವನ್ನು ಬಾಯಲ್ಲೇ ಹೇಳುತ್ತಿದ್ದವರು ಈಗ ಸಂಘದ ಪಾಸ್‌ಪುಸ್ತಕ ಹಿಡಿದು ಅರ್ಧ ತಾಸು ಕೂರುತ್ತಾರೆ, ಸಭೆಗೆ ಬಂದರೂ ಮಾತಿಲ್ಲ, ಯಾವುದರಲ್ಲಿಯೂ ಉತ್ಸಾಹವಿಲ್ಲ. ಮನೆಯವರು ಧಾರಣೆ ಬಿದ್ದ ಚಿಂತೆಯೆಂದುಕೊಳ್ಳುತ್ತಾರೆ. ಚಿಂತೆಯೇ ಇರಬಹುದು, ಮನಸ್ಸಿನ ಖಿನ್ನತೆಯೂ ಇರಬಹುದು. ಆದರೆ ಖಿನ್ನತೆಯ ಚಿಕಿತ್ಸೆ ಆರಂಭಿಸುವಾಗ ಒಮ್ಮೆ ಥೈರಾಯ್ಡ್ ನೋಡಿಸುವುದು ವೈದ್ಯರ ಕ್ರಮ. ಅರವತ್ತು ದಾಟಿದವರಲ್ಲಿ ಮೇಲೆ ಹೇಳಿದ ಲಕ್ಷಣಗಳೆಲ್ಲ ಸಾಲಾಗಿ ಬರುವುದಿಲ್ಲ. ಮರೆವು ಅಥವಾ ಸೋತ ನಡಿಗೆ, ಒಂದೇ ಒಂದು ಕಂಡರೂ ಕಾಣಬಹುದು.

ಈ ಲಕ್ಷಣಗಳಲ್ಲಿ ಯಾವ ಒಂದನ್ನೂ ಹಿಡಿದು ಇದು ಥೈರಾಯ್ಡ್ ಎಂದು ತೀರ್ಮಾನಿಸಲಾಗದು. ಕೂದಲು ಯಾರಿಗೆ ಉದುರುವುದಿಲ್ಲ? ಮೂರು ನಾಲ್ಕು ಲಕ್ಷಣಗಳು ಕೆಲವು ತಿಂಗಳುಗಳಿಂದ ಜೊತೆಗೂಡಿವೆಯೇ, ಆ ಮನುಷ್ಯ ಮೊದಲಿಗಿಂತ ಬದಲಾಗಿದ್ದಾನೆಯೇ ಎಂಬುದೇ ಮುಖ್ಯ. ಆಯಾಸಕ್ಕೆ ರಕ್ತಹೀನತೆಯೂ ದೊಡ್ಡ ಕಾರಣ. ಬರಿಗಾಲಲ್ಲಿ ತೋಟದಲ್ಲಿ ದುಡಿಯುವವರಿಗೆ ಕೊಕ್ಕೆಹುಳದ ಬಾಧೆಯಿಂದ ಅದು ಬರುತ್ತದೆ. ಹಿಮೋಗ್ಲೋಬಿನ್, ಸಕ್ಕರೆ, ಟಿ.ಎಸ್.ಎಚ್. ಮೂರನ್ನೂ ಒಂದೇ ಸಲ ಮಾಡಿಸಿದರೆ ಎರಡು ಸಲ ಪೇಟೆಗೆ ಹೋಗುವುದು ತಪ್ಪುತ್ತದೆ.

ಉಪ್ಪಿನ ಪ್ರಶ್ನೆ

ಥೈರಾಯ್ಡ್ ಎಂದೊಡನೆ ಹಿರಿಯರಿಗೆ ನೆನಪಾಗುವುದು ಗಳಗಂಡ. ಅಯೋಡಿನ್ ಸಾಲದಾದಾಗ ಗ್ರಂಥಿ ಹೆಚ್ಚು ಹಿಡಿಯಲು ಹೆಣಗಿ ಹೆಣಗಿ ಊದಿಕೊಳ್ಳುತ್ತದೆ. ಗುಡ್ಡಗಾಡಿನಲ್ಲಿ ಮಳೆ ಮಣ್ಣಿನ ಅಯೋಡಿನನ್ನು ತೊಳೆದು ಒಯ್ಯುವುದರಿಂದ ಅಲ್ಲಿ ಇದು ಹೆಚ್ಚು. ನಮ್ಮ ಕಾಫಿ ಸೀಮೆಯ ಚಿಕ್ಕಮಗಳೂರು ಜಿಲ್ಲೆಯೂ ಗಳಗಂಡದ ಜಿಲ್ಲೆಗಳ ಪಟ್ಟಿಯಲ್ಲಿ ಸೇರಿತ್ತು. ಹಿಮಾಚಲದ ಕಾಂಗ್ರಾ ಕಣಿವೆಯಲ್ಲಿ 1956ರಿಂದ ಡಾ. ರಾಮಲಿಂಗಸ್ವಾಮಿಯವರೂ ಅವರ ಸಂಗಡಿಗರೂ ನಡೆಸಿದ ಪ್ರಯೋಗದಲ್ಲಿ ಉಪ್ಪಿಗೆ ಅಯೋಡಿನ್ ಬೆರೆಸಿದ ಮಾತ್ರಕ್ಕೇ ಗಳಗಂಡ ಇಳಿಯುವುದು ಸಿದ್ಧವಾಯಿತು. 1962ರಲ್ಲಿ ಕೇಂದ್ರ ಸರ್ಕಾರ ಗಳಗಂಡ ನಿಯಂತ್ರಣ ಕಾರ್ಯಕ್ರಮ ಆರಂಭಿಸಿತು. 1986ರಿಂದ ಹಂತಹಂತವಾಗಿ ತಿನ್ನುವ ಉಪ್ಪಿಗೆಲ್ಲ ಅಯೋಡಿನ್ ಸೇರಿಸುವ ಕೆಲಸ ನಡೆಯಿತು. ನಡುವೆ 2000ದಲ್ಲಿ ಕೇಂದ್ರದ ನಿರ್ಬಂಧ ಸಡಿಲವಾಗಿ, 2006ರಲ್ಲಿ ಮತ್ತೆ ಜಾರಿಗೆ ಬಂತು.

ಇಲ್ಲಿ ನಮ್ಮ ತೀರದವರ ಒಂದು ನಂಬಿಕೆಯನ್ನು ಒರೆಗೆ ಹಚ್ಚಬೇಕಾಗಿದೆ. ಗೋಕರ್ಣದ ಹತ್ತಿರದ ಸಾಣಿಕಟ್ಟೆಯ ಉಪ್ಪಿನಾಗರ ಎಲ್ಲರಿಗೂ ಗೊತ್ತು. ಆ ಹರಳುಪ್ಪಿನ ರುಚಿಗೆ, ಉಪ್ಪಿನಕಾಯಿಗೆ ಅದು ಒದಗುವ ಬಗೆಗೆ ಎರಡು ಮಾತಿಲ್ಲ. ಆದರೆ "ಕಡಲ ಉಪ್ಪಲ್ಲವೇ, ಅಯೋಡಿನ್ ಇದ್ದೇ ಇರುತ್ತದೆ" ಎಂಬುದು ತಪ್ಪು. ಸಮುದ್ರದ ನೀರನ್ನು ಬಿಸಿಲಲ್ಲಿ ಒಣಗಿಸಿದ ಉಪ್ಪಿನಲ್ಲಿ, ಬೇರೆಯಾಗಿ ಸೇರಿಸದ ಹೊರತು, ಅಯೋಡಿನ್ ಉಳಿಯುವುದು ಅತ್ಯಲ್ಪ. ಈಗ ಪೇಟೆಯಲ್ಲಿ ದುಬಾರಿ ಬೆಲೆಗೆ ಮಾರುವ ಗುಲಾಬಿ ಬಣ್ಣದ ಕಲ್ಲುಪ್ಪಿನ ಕಥೆಯೂ ಇದೇ. ಸಮುದ್ರದ ಮೀನು, ಸಿಗಡಿ ತಿನ್ನುವ ಮನೆಗಳಿಗೆ ಅಯೋಡಿನ್ ಬೇರೆ ದಾರಿಯಿಂದ ಸಿಗುತ್ತದೆ. ಅದೇ ಕೇರಿಯ ಸಸ್ಯಾಹಾರಿ ಮನೆಗಳಿಗೆ ಆ ದಾರಿಯಿಲ್ಲ. ಹಾಲು ಮೊಸರಿನಿಂದ ಸ್ವಲ್ಪ ಸಿಕ್ಕೀತು. ಉಪ್ಪಿನಕಾಯಿಗೆ ಹರಳುಪ್ಪು ಇರಲಿ, ದಿನದ ಅಡಿಗೆಗೆ ಅಯೋಡಿನ್ ಉಪ್ಪು ಇರಲಿ. ಅಯೋಡಿನ್ ಉಪ್ಪನ್ನು ಮುಚ್ಚಿದ ಭರಣಿಯಲ್ಲಿಟ್ಟು, ಒಲೆಯಿಂದ ಇಳಿಸುವ ಹೊತ್ತಿಗೆ ಹಾಕಬೇಕು. ತೇವಕ್ಕೂ ಬಿಸಿಗೂ ಅಯೋಡಿನ್ ಹಾರಿಹೋಗುತ್ತದೆ. ಹಾಗೆಂದು ಉಪ್ಪು ಹೆಚ್ಚು ತಿನ್ನಿ ಎಂದಲ್ಲ, ರಕ್ತದೊತ್ತಡದವರಂತೂ ಅಲ್ಲವೇ ಅಲ್ಲ.

ಇಷ್ಟಾದರೂ ಇಂದು ನಮ್ಮಲ್ಲಿ ವಯಸ್ಕರ ಥೈರಾಯ್ಡ್ ಮಂದವಾಗಲು ದೊಡ್ಡ ಕಾರಣ ಉಪ್ಪಲ್ಲ. ಶರೀರದ ರಕ್ಷಣಾಪಡೆಯೇ ಗುರುತು ತಪ್ಪಿ ತನ್ನ ಗ್ರಂಥಿಯ ಮೇಲೆ ಬೀಳುವ ಕಾಯಿಲೆಯನ್ನು 1912ರಲ್ಲಿ ಜಪಾನಿನ ಹಾಶಿಮೋಟೊ ಎಂಬ ವೈದ್ಯ ವಿವರಿಸಿದ. ಹೆಚ್ಚಿನವರಲ್ಲಿ ಕಂಡುಬರುವುದು ಅದೇ. ಇದು ಮನೆತನದಲ್ಲಿ ಹರಿದು ಬರುತ್ತದೆ. ತಾಯಿಗೆ, ಅಕ್ಕನಿಗೆ ಇದ್ದರೆ ತಾವೂ ಒಮ್ಮೆ ನೋಡಿಸಬೇಕು. ಇದಕ್ಕೆ ಅಯೋಡಿನ್ ಉಪ್ಪು ಔಷಧವಲ್ಲ, ಅಯೋಡಿನ್ ಹನಿಗಳನ್ನು ಕೊಂಡು ಕುಡಿದರೆ ಕೆಡುವುದೂ ಉಂಟು. ಹೆರಿಗೆಯಾದ ಕೆಲವು ತಿಂಗಳಲ್ಲಿ ಥೈರಾಯ್ಡ್ ಏರುಪೇರಾಗುವುದು, ಗ್ರಂಥಿಯ ಶಸ್ತ್ರಚಿಕಿತ್ಸೆ, ಹೃದಯದ ಅಥವಾ ಮಾನಸಿಕ ರೋಗದ ಕೆಲವು ಔಷಧಗಳು ಇತರ ಕಾರಣಗಳು.

ಮಾತ್ರೆ ಮತ್ತು ನಮ್ಮ ಕಾಫಿ

ಹೊನ್ನಾವರ, ಕುಮಟಾ, ಭಟ್ಕಳ ಮೂರೂ ಪೇಟೆಗಳಲ್ಲಿ ರಕ್ತಪರೀಕ್ಷಾ ಕೇಂದ್ರಗಳಿವೆ. ಟಿ.ಎಸ್.ಎಚ್. ಪರೀಕ್ಷೆಗೆ ಹಸಿದ ಹೊಟ್ಟೆಯೇ ಬೇಕೆಂದಿಲ್ಲ. ಕೂದಲು ಬೆಳೆಯಲೆಂದು ಬಯೋಟಿನ್ ಇರುವ ಗುಳಿಗೆ ತಿನ್ನುತ್ತಿರುವವರು ಎರಡು ದಿನ ಮೊದಲೇ ನಿಲ್ಲಿಸಬೇಕು, ಅದರಿಂದ ಪರೀಕ್ಷೆಯ ಅಂಕಿ ಸುಳ್ಳಾಗುತ್ತದೆ. ಟಿ.ಎಸ್.ಎಚ್. ಸ್ವಲ್ಪವೇ ಏರಿದ್ದು ಥೈರಾಕ್ಸಿನ್ ಸರಿಯಾಗಿದ್ದರೆ ವೈದ್ಯರು ಕೂಡಲೇ ಮಾತ್ರೆ ಕೊಡದೆ ಕೆಲವು ವಾರ ಬಿಟ್ಟು ಮತ್ತೆ ನೋಡೋಣ ಎನ್ನಬಹುದು. ಅದು ಉದಾಸೀನವಲ್ಲ.

1891ರಲ್ಲಿ ಇಂಗ್ಲೆಂಡಿನ ಡಾ. ಮರ್ರೆ ಕುರಿಯ ಥೈರಾಯ್ಡಿನ ರಸವನ್ನು 46 ವರ್ಷದ ಹೆಂಗಸೊಬ್ಬಳಿಗೆ ಚುಚ್ಚಿ ನೋಡಿದ. ಅದುವರೆಗೆ ಈ ಕಾಯಿಲೆಗೆ ಮದ್ದೇ ಇರಲಿಲ್ಲ. ಆಕೆ ಚೇತರಿಸಿಕೊಂಡು ಇನ್ನೂ 28 ವರ್ಷ ಬದುಕಿದಳು. ಈಗ ಕುರಿಯ ಹಂಗಿಲ್ಲ. ಕಾರ್ಖಾನೆಯಲ್ಲಿ ತಯಾರಾಗುವ ಥೈರಾಕ್ಸಿನ್ ಮಾತ್ರೆ ನಮ್ಮ ಗ್ರಂಥಿ ಮಾಡುವ ರಸದ ಪಡಿಯಚ್ಚು. ದೇಹದಲ್ಲಿ ಇಲ್ಲದ್ದನ್ನು ತುಂಬಿಕೊಡುವ ಕೆಲಸ ಅದರದು. ಆದ್ದರಿಂದಲೇ ಹೆಚ್ಚಿನವರು ಜೀವನಪರ್ಯಂತ ತೆಗೆದುಕೊಳ್ಳಬೇಕು, ಗುಣವಾಯಿತೆಂದು ನಿಲ್ಲಿಸುವಂತಿಲ್ಲ. ಆರಂಭಿಸಿದ ಆರರಿಂದ ಎಂಟು ವಾರಕ್ಕೆ ಮತ್ತೆ ಪರೀಕ್ಷೆ ಮಾಡಿ ಪ್ರಮಾಣ ಸರಿಪಡಿಸುತ್ತಾರೆ. ಹೃದಯದ ತೊಂದರೆಯಿರುವ ವೃದ್ಧರಿಗೆ ಬಹಳ ಸಣ್ಣ ಪ್ರಮಾಣದಿಂದ ಶುರುಮಾಡುತ್ತಾರೆ. ಬೇಗ ತೆಳ್ಳಗಾಗಲೆಂದು ತಾವೇ ಎರಡು ಮಾತ್ರೆ ನುಂಗಿದರೆ ಎದೆ ಡವಡವ, ನಿದ್ದೆಗೇಡು, ಮುಂದೆ ಮೂಳೆ ಸವೆತ.

ಈ ಮಾತ್ರೆಗೂ ನಾವು ಬೆಳೆಯುವ ಕಾಫಿಗೂ ಹೊಂದಿಕೆಯಿಲ್ಲ. ಇಟಲಿಯ ವೈದ್ಯರು 2008ರಲ್ಲಿ ಇದನ್ನು ತೋರಿಸಿಕೊಟ್ಟರು: ಮಾತ್ರೆಯ ಜೊತೆಗೆ ಅಥವಾ ಬೆನ್ನಿಗೇ ಕಾಫಿ ಕುಡಿದರೆ ಕರುಳು ಔಷಧವನ್ನು ಪೂರ್ತಿಯಾಗಿ ಹೀರಿಕೊಳ್ಳುವುದಿಲ್ಲ. ಪ್ರಮಾಣ ಏರಿಸಿದರೂ ಟಿ.ಎಸ್.ಎಚ್. ಇಳಿಯುತ್ತಿಲ್ಲವೆಂದು ವೈದ್ಯರು ತಲೆಕೆರೆದುಕೊಳ್ಳುವಾಗ ಕಾರಣ ಲೋಟದಲ್ಲಿರುತ್ತದೆ. ಬೆಳಿಗ್ಗೆ ಎದ್ದು ಬರೀ ನೀರಿನಲ್ಲಿ ಮಾತ್ರೆ ನುಂಗಿ, ಕಾಫಿ, ಚಹಾ, ತಿಂಡಿಗೆ ಅರ್ಧದಿಂದ ಒಂದು ತಾಸು ಬಿಡಬೇಕು. ಆ ಒಂದು ತಾಸು ಕಾಫಿಯಿಲ್ಲದೆ ಕೊಟ್ಟಿಗೆಗೆ ಹೋಗಲಾರೆ ಎನ್ನುವವರು ವೈದ್ಯರನ್ನು ಕೇಳಿ, ರಾತ್ರಿ ಊಟವಾಗಿ ಮೂರು ತಾಸಿನ ಮೇಲೆ ಮಲಗುವಾಗ ತೆಗೆದುಕೊಳ್ಳಬಹುದು. ಕಬ್ಬಿಣದ ಮಾತ್ರೆ, ಸುಣ್ಣದ ಮಾತ್ರೆಗಳಿಗೆ ನಾಲ್ಕು ತಾಸಿನ ಅಂತರವಿರಬೇಕು. ಬಸುರಿಯರಿಗೆ ಈ ಎರಡನ್ನೂ ಆರೋಗ್ಯ ಕೇಂದ್ರದಿಂದಲೇ ಕೊಡುತ್ತಾರಾದ್ದರಿಂದ ಅವರು ವಿಶೇಷವಾಗಿ ಗಮನಿಸಬೇಕು.

ಬಸುರಿ, ಮಗು

ಗರ್ಭದ ಮೊದಲ ಮೂರು ತಿಂಗಳು ಶಿಶುವಿನ ಮೆದುಳು ಬೆಳೆಯುವುದು ತಾಯಿಯ ಥೈರಾಕ್ಸಿನ್ ಬಲದಿಂದ; ಮಗುವಿನ ಗ್ರಂಥಿ ಆಗಿನ್ನೂ ದುಡಿಮೆಗೆ ಇಳಿದಿರುವುದಿಲ್ಲ. ಆದ್ದರಿಂದ ಮೊದಲೇ ಮಾತ್ರೆ ತೆಗೆದುಕೊಳ್ಳುತ್ತಿರುವವಳು ಮುಟ್ಟು ನಿಂತದ್ದು ತಿಳಿದ ವಾರವೇ ವೈದ್ಯರನ್ನು ಕಾಣಬೇಕು. ಆಗ ಸಾಮಾನ್ಯವಾಗಿ ಪ್ರಮಾಣ ಹೆಚ್ಚಿಸಬೇಕಾಗುತ್ತದೆ. ಬಸುರಿನಲ್ಲಿ ಔಷಧ ಬೇಡವೆಂದು ಹಿರಿಯರು ಬಿಡಿಸಿದರೆ ಅದರ ಬೆಲೆ ತೆರುವುದು ಮಗು.

ನಮ್ಮ ದೇಶದಲ್ಲಿ ಹುಟ್ಟುವ ಸುಮಾರು ಸಾವಿರ ಶಿಶುಗಳಲ್ಲಿ ಒಂದಕ್ಕೆ ಹುಟ್ಟಿನಿಂದಲೇ ಥೈರಾಯ್ಡ್ ಕೆಲಸ ಮಾಡುವುದಿಲ್ಲ. ಹುಟ್ಟಿದಾಗ ಆ ಶಿಶು ಎಲ್ಲ ಶಿಶುಗಳಂತೆಯೇ ಕಾಣುತ್ತದೆ. ಬಳಿಕ ಹಾಲಿಗೆ ಅಳುವುದಿಲ್ಲ, ಸದಾ ನಿದ್ದೆ, ಅತ್ತರೂ ದನಿ ಒಡಕು, ಕಾಮಾಲೆ ಎರಡು ವಾರ ದಾಟಿದರೂ ಇಳಿಯದು, ಮಲ ಗಟ್ಟಿ, ಹೊಕ್ಕುಳು ಉಬ್ಬು, ನಾಲಗೆ ದಪ್ಪ. "ಎಷ್ಟು ಪಾಪದ ಮಗು, ಅಳುವುದೇ ಇಲ್ಲ" ಎಂದು ಬಾಣಂತಿಯ ಕೋಣೆಯಲ್ಲಿ ಹೊಗಳಿಕೆ ನಡೆಯುತ್ತಿರುತ್ತದೆ. ಈ ಚಿಹ್ನೆಗಳನ್ನು ಕಾಯುತ್ತ ಕೂರುವುದೇ ತಪ್ಪು, ಅವು ಕಾಣುವಷ್ಟರಲ್ಲಿ ಮೆದುಳಿಗೆ ಹಾನಿ ಆರಂಭವಾಗಿರುತ್ತದೆ. ಹುಟ್ಟಿದ ಎರಡರಿಂದ ಐದು ದಿನಗಳೊಳಗೆ ಹಿಮ್ಮಡಿಯಿಂದ ಒಂದೆರಡು ಹನಿ ರಕ್ತ ತೆಗೆದು ಪರೀಕ್ಷಿಸುವ ಕ್ರಮವಿದೆ. ಎಲ್ಲ ಆಸ್ಪತ್ರೆಗಳಲ್ಲಿಯೂ ತಾವಾಗಿ ಮಾಡುವುದಿಲ್ಲ. ಹೆರಿಗೆಗೆ ಹೋದಾಗ ಮನೆಯವರು ಬಾಯಿಬಿಟ್ಟು ಕೇಳಬೇಕು. ಎರಡು ವಾರದೊಳಗೆ ಮಾತ್ರೆ ಆರಂಭಿಸಿದ ಮಗು ಉಳಿದ ಮಕ್ಕಳಂತೆಯೇ ಬೆಳೆದು ಶಾಲೆಗೆ ಹೋಗುತ್ತದೆ. ದೊಡ್ಡ ಮಕ್ಕಳಲ್ಲಿ ಗುರುತು ಎತ್ತರ: ತರಗತಿಯ ಸಾಲಿನಲ್ಲಿ ಮೊದಲು ನಡುವೆ ನಿಲ್ಲುತ್ತಿದ್ದ ಹುಡುಗಿ ಎರಡು ವರ್ಷದಲ್ಲಿ ಮುಂದಕ್ಕೆ ಬಂದು ನಿಂತರೆ ನೋಡಿಸಬೇಕು.

ಮಳೆಗಾಲದ ಬಗ್ಗೆ ಎರಡು ಮಾತು. ಮಾತ್ರೆ ಬಿಟ್ಟ ವೃದ್ಧರಿಗೆ ಜ್ವರವೋ ಕಫವೋ ಬಂದು, ಮೈ ತಣ್ಣಗಾಗಿ, ಕರೆದರೆ ಓಗೊಡದೆ ಮಂಪರಿನಲ್ಲಿ ಬಿದ್ದುಕೊಂಡರೆ ಅದು ನಿದ್ದೆಯಲ್ಲ. ಗಳಿಗೆ ತಡಮಾಡದೆ ದೊಡ್ಡ ಆಸ್ಪತ್ರೆಗೆ ಸಾಗಿಸಬೇಕು. ಅಪರೂಪವಾದರೂ ಪ್ರಾಣಾಪಾಯದ ಸ್ಥಿತಿ ಅದು. ಇನ್ನು ಮಾತ್ರೆಯ ಶೀಶೆ. ನಮ್ಮ ಜೂನ್, ಜುಲೈ ತಿಂಗಳ ತೇವಕ್ಕೆ ಅದನ್ನು ಅಡಿಗೆಮನೆಯ ಒಲೆಯ ಮೇಲಿನ ಹಲಗೆಯಲ್ಲಾಗಲಿ, ಬಚ್ಚಲ ಗೂಡಿನಲ್ಲಾಗಲಿ ಇಡಬಾರದು. ಮುಚ್ಚಳ ಬಿಗಿಮಾಡಿ, ಬೆಳಕು ಬೀಳದ ಕಪಾಟಿನೊಳಗೆ ಇಡಬೇಕು. ಒಂದೇ ಸಲ ವರ್ಷದ ಮಾತ್ರೆ ಕೊಂಡು ತರದೆ, ಹೊಳೆ ತುಂಬಿ ಓಡಾಟ ಕಷ್ಟವಾಗುವ ದಿನಗಳಿಗೆ ಸಾಲುವಷ್ಟನ್ನು ಮೇ ತಿಂಗಳ ಕೊನೆಗೆ ತಂದಿಟ್ಟುಕೊಂಡರೆ ಸಾಕು.